ಸದ್ದಿಲ್ಲದೆ ಬರುವ ಬ್ಯಾಟರಿ ಗಾಡಿ: ರೋಗಿಯೊಂದಿಗೆ ನಡೆಯುವಾಗ, ಹತ್ತುವಾಗ ಏನು ಗಮನಿಸಬೇಕು?

ಕಣ್ಣಿನ ತಪಾಸಣೆಗೆಂದು ಅಮ್ಮನನ್ನು ದೊಡ್ಡ ಆಸ್ಪತ್ರೆಗೆ ಕರೆತಂದಿದ್ದೀರಿ. ಡ್ರಾಪ್ಸ್ ಹಾಕಿದ್ದಾರೆ, ಅವರಿಗೆ ಎಲ್ಲವೂ ಮಸುಕು. ಒಪಿಡಿಯಿಂದ ಔಷಧಿ ಕೌಂಟರ್ ಕಡೆ ಹೊರಟಿದ್ದೀರಿ, ನಿಮ್ಮ ಗಮನವೆಲ್ಲ ಕೈಯಲ್ಲಿರುವ ಚೀಟಿಯ ಮೇಲೆ. ಹಿಂದಿನಿಂದ ಯಾರೋ ಕೂಗುತ್ತಾರೆ. ತಿರುಗಿದರೆ, ಜನರನ್ನು ತುಂಬಿಕೊಂಡ ಬ್ಯಾಟರಿ ಗಾಡಿ ನಾಲ್ಕೇ ಹೆಜ್ಜೆ ದೂರದಲ್ಲಿದೆ.

ಗಾಲ್ಫ್ ಮೈದಾನದಲ್ಲಿ ಓಡುತ್ತಿದ್ದ ಇಂಥ ಗಾಡಿಗಳು ಈಗ ದೊಡ್ಡ ಆಸ್ಪತ್ರೆಗಳ ಆವರಣದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮ್‌ಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಕಾಣಸಿಗುತ್ತವೆ. ನಡೆಯಲಾಗದವರಿಗೆ ಇವುಗಳಿಂದ ದೊಡ್ಡ ಉಪಕಾರವಾಗಿದೆ. ಆದರೆ ಇವು ಓಡುವುದು ಜನ ನಡೆಯುವ ದಾರಿಯಲ್ಲೇ. ಗಾಡಿ ಬಂದಾಗ ಬದಿಗೆ ಸರಿಯಲು ಕಣ್ಣು, ಕಿವಿ, ಕಾಲು ಮೂರೂ ಚುರುಕಾಗಿರಬೇಕು. ಆಸ್ಪತ್ರೆಗೆ ಬಂದವರಲ್ಲಿ ಅನೇಕರಿಗೆ ಇವುಗಳಲ್ಲಿ ಒಂದಾದರೂ ಆ ದಿನ ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ಹಾಗಾಗಿ ಆ ಎಚ್ಚರ ಜೊತೆಗಿರುವವರದ್ದಾಗಬೇಕು.

ಗಾಡಿ ಬಂದದ್ದು ಏಕೆ ತಿಳಿಯುವುದಿಲ್ಲ?

ವಿದ್ಯುತ್ ವಾಹನ ನಿಧಾನವಾಗಿ ಚಲಿಸುವಾಗ ಅದರ ಸದ್ದು ಬಹಳ ಕಡಿಮೆ. ಈ ಕಾರಣಕ್ಕೇ ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈನಿಂದ ಹೊಸ ವಿದ್ಯುತ್ ಕಾರುಗಳು ಗಂಟೆಗೆ 20 ಕಿ.ಮೀ.ವರೆಗಿನ ವೇಗದಲ್ಲಿ ಎಚ್ಚರಿಕೆಯ ಶಬ್ದ ಹೊರಡಿಸಲೇಬೇಕು. ವಯಸ್ಸಾದಂತೆ ಕಿವಿಗೆ ಮೊದಲು ಕೇಳಿಸದಾಗುವುದು ತೀಕ್ಷ್ಣವಾದ, ಮೇಲ್ಸ್ತರದ ಶಬ್ದಗಳು. ಜನಜಂಗುಳಿಯಲ್ಲಿ ಗಾಡಿಯ ಬೀಪ್ ಶಬ್ದ ಅಜ್ಜಿಗೆ ಕೇಳಿಸದೇ ಹೋಗಬಹುದು.

ಒಂದು ಸಣ್ಣ ಲೆಕ್ಕ ನೋಡಿ. ನಿಧಾನವಾಗಿ ನಡೆಯುವ ಹಿರಿಯರು ಒಂದು ಸೆಕೆಂಡಿಗೆ ಸುಮಾರು 0.8 ಮೀಟರ್ ಸಾಗುತ್ತಾರೆ ಎಂದುಕೊಳ್ಳಿ. 4 ಮೀಟರ್ ಅಗಲದ ದಾರಿ ದಾಟಲು ಅವರಿಗೆ 5 ಸೆಕೆಂಡ್ ಬೇಕು. ಅಷ್ಟರಲ್ಲಿ ಗಂಟೆಗೆ 10 ಕಿ.ಮೀ. ವೇಗದ ಗಾಡಿ ಸುಮಾರು 14 ಮೀಟರ್, 20 ಕಿ.ಮೀ. ವೇಗದ ಗಾಡಿ ಸುಮಾರು 28 ಮೀಟರ್ ಬಂದಿರುತ್ತದೆ. ದೂರದಲ್ಲಿದೆ ಎಂದು ನಿಮಗೆ ಅನಿಸಿದ ಗಾಡಿ ಅವರಿಗೆ ಹತ್ತಿರವೇ ಇರುತ್ತದೆ.

ಯಾವ ಔಷಧಿ ತೆಗೆದುಕೊಂಡವರಿಗೆ ಹೆಚ್ಚು ಎಚ್ಚರ ಬೇಕು?

• ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ (ಟ್ರೋಪಿಕಮೈಡ್): 4ರಿಂದ 6 ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ದೃಷ್ಟಿ ಮಸುಕಾಗಿರುತ್ತದೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ತಂಪು ಕನ್ನಡಕ ಜೊತೆಗಿರಲಿ.
• ಬಿಪಿ ಮತ್ತು ಪ್ರೋಸ್ಟೇಟ್ ಔಷಧಿಗಳು (ಪ್ರಜೋಸಿನ್, ಟ್ಯಾಮ್‌ಸುಲೋಸಿನ್), ಮೂತ್ರ ಹೆಚ್ಚಿಸುವ ಮಾತ್ರೆಗಳು: ಕುಳಿತವರು ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಬಹುದು.
• ಶೀತ, ಅಲರ್ಜಿ ಮಾತ್ರೆಗಳು (ಕ್ಲೋರ್‌ಫೆನಿರಮೈನ್, ಸೆಟಿರಿಜಿನ್), ನಿದ್ದೆ ಮಾತ್ರೆಗಳು, ನರನೋವಿನ ಗ್ಯಾಬಪೆಂಟಿನ್ ಮತ್ತು ಪ್ರೀಗ್ಯಾಬಲಿನ್: ಮಂಪರು ಬರುತ್ತದೆ, ಕರೆದರೆ ತಿರುಗುವುದೂ ತಡವಾಗುತ್ತದೆ.
• ಇನ್ಸುಲಿನ್, ಗ್ಲಿಮೆಪಿರೈಡ್: ಊಟ ತಡವಾದರೆ ಶುಗರ್ 70ಕ್ಕಿಂತ ಕೆಳಗಿಳಿದು ನಡುಕ, ಬೆವರು, ಗೊಂದಲ ಉಂಟಾಗಬಹುದು. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕೊಡಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಯ ದಿನ ಈ ಔಷಧಿ ಯಾವಾಗ ತೆಗೆದುಕೊಳ್ಳಬೇಕೆಂದು ಮೊದಲೇ ವೈದ್ಯರನ್ನು ಕೇಳಿ.

ಇದನ್ನು ಓದಿ ಹೆದರಿ ಯಾವ ಔಷಧಿಯನ್ನೂ ನಿಲ್ಲಿಸಬೇಡಿ. ಆ ದಿನ ಯಾರ ಕೈ ಬಿಡಬಾರದು ಎಂದು ತಿಳಿಯಲು ಈ ಪಟ್ಟಿ.

ನಡೆಯುವಾಗ

ದಾರಿಯ ನಡುವೆ ಅಕ್ಕಪಕ್ಕ ಹರಡಿಕೊಂಡು ನಡೆಯಬೇಡಿ. ಬೇರೆ ಫುಟ್‌ಪಾತ್ ಇಲ್ಲದಿದ್ದರೆ ಬಲ ಅಂಚಿನಲ್ಲಿ ನಡೆಯಿರಿ. ನಮ್ಮಲ್ಲಿ ಗಾಡಿಗಳು ಎಡಕ್ಕೆ ಚಲಿಸುವುದರಿಂದ ನಿಮ್ಮ ಬದಿಯ ಗಾಡಿ ಎದುರಿನಿಂದಲೇ ಕಾಣುತ್ತದೆ. ರೋಗಿ ಅಂಚಿನ ಕಡೆಗಿರಲಿ, ನೀವು ಗಾಡಿಯ ಕಡೆಗಿರಿ. ಪಾರ್ಶ್ವವಾಯು ಆದವರಿಗೆ ಬಲವಿಲ್ಲದ ಬದಿಯಲ್ಲಿ ಆಸರೆ ಬೇಕು. ಆ ಬದಿ ಬಲವಾಗಿದ್ದರೆ ಎಡ ಅಂಚಿನಲ್ಲಿ ನಡೆದು, ಹಿಂದಿನಿಂದ ಬರುವ ಗಾಡಿಗಾಗಿ ನೀವು ಆಗಾಗ ತಿರುಗಿ ನೋಡಿ.

ಗಾಡಿ ಹತ್ತಿರ ಬಂದಾಗ ಓಡಬೇಡಿ, ಹಿಂದೆ ಮುಂದೆ ಸರಿದಾಡಬೇಡಿ. ಅಂಚಿನಲ್ಲಿ ನಿಂತುಬಿಡಿ, ಚಾಲಕನನ್ನು ನೋಡಿ, ಗಾಡಿ ಹೋದ ಮೇಲೆ ಹೊರಡಿ. ರೈಲ್ವೆ ಪ್ಲಾಟ್‌ಫಾರ್ಮ್‌ನಲ್ಲಾದರೆ ಹಳಿಯ ಕಡೆಗೆ ಸರಿಯಬೇಡಿ, ಒಳಬದಿಗೆ ಸರಿಯಿರಿ. ಫೋನ್ ನೋಡುವುದು, ಚೀಟಿ ಓದುವುದು ನಿಂತ ಮೇಲೆ.

ಊರಿಂದ ಬಂದವರಿಗೆ ಮೊದಲೇ ಹೇಳಿಕೊಡಿ

ಹೊರರಾಜ್ಯದಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಚಿಕಿತ್ಸೆಗೆಂದು ಊರಿಂದ ಬಂದ ಅಪ್ಪ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದಿರಬಹುದು. ಚಾಲಕ ಕೂಗಿದ್ದು ಕೇಳಿಸಿದರೂ ಅರ್ಥವಾಗುವುದಿಲ್ಲ. ಕೂಗಿದ್ದು ಯಾರಿಗೆ ಎಂದು ಅಲ್ಲೇ ನಿಂತು ನೋಡುತ್ತಾರೆ. ಮುಂಬೈ, ಪುಣೆಯಲ್ಲಿ "ಬಾಜೂಲಾ ವ್ಹಾ", ದೆಹಲಿಯಲ್ಲಿ "ಹಟಿಯೇ", ಚೆನ್ನೈನಲ್ಲಿ "ಓರಮಾ ಪೋಂಗ", ಹೈದರಾಬಾದ್‌ನಲ್ಲಿ "ಜರಗಂಡಿ" ಎಂದು ಕೂಗಿದರೆ ಅರ್ಥ ಒಂದೇ: ಬದಿಗೆ ಸರಿಯಿರಿ. ಮನೆಯಿಂದ ಹೊರಡುವ ಮೊದಲೇ ನಿಮ್ಮ ಊರಿನ ಆ ಒಂದು ಮಾತನ್ನು ಅವರಿಗೆ ಕಲಿಸಿಬಿಡಿ.

ಗಾಡಿ ಹತ್ತುವುದಾದರೆ

ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಬಾಗಿಲು ಇರುವುದಿಲ್ಲ, ಹಲವದರಲ್ಲಿ ಬೆಲ್ಟ್ ಕೂಡ ಇಲ್ಲ. ತಿರುವಿನಲ್ಲಿ ದೇಹ ಹೊರಬದಿಗೆ ವಾಲುತ್ತದೆ.

1. ಗಾಡಿ ಪೂರ್ತಿ ನಿಂತ ಮೇಲೆಯೇ ಹತ್ತಿ, ಇಳಿಯಿರಿ.
2. ರೋಗಿ ಒಳಗೆ, ನೀವು ಅಂಚಿನಲ್ಲಿ ಕುಳಿತುಕೊಳ್ಳಿ. ಬೆಲ್ಟ್ ಇದ್ದರೆ ಹಾಕಿಸಿ.
3. ಹಿಂದಕ್ಕೆ ಮುಖ ಮಾಡಿದ ಸೀಟು ಹಿರಿಯರಿಗೆ ಬೇಡ. ಗಾಡಿ ತಟ್ಟನೆ ಹೊರಟರೆ ಅವರು ಮುಂದಕ್ಕೆ ಜಾರಿ ಬೀಳಬಹುದು.
4. ಕಂಬಿಯನ್ನು ಕೈಯಲ್ಲಿ ಹಿಡಿದಿರಲಿ. ಕಾಲು, ಸೆರಗು, ದುಪ್ಪಟ್ಟಾ ಹೊರಗೆ ಚಾಚಿರಬಾರದು. ಮೂತ್ರದ ಚೀಲವಿದ್ದರೆ ಸೊಂಟಕ್ಕಿಂತ ಕೆಳಗೆ, ಆದರೆ ಗಾಡಿಯ ಒಳಗೇ ಇರಲಿ.
5. ಇಳಿದ ಕೂಡಲೇ ನಡೆಸಬೇಡಿ. ಅರ್ಧ ನಿಮಿಷ ಕಂಬಿ ಹಿಡಿದು ನಿಂತು, ತಲೆ ಸುತ್ತುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಗಾಡಿ ತಾಗಿದರೆ ಅಥವಾ ಬಿದ್ದರೆ

"ಏನೂ ಆಗಿಲ್ಲ ಬಿಡಪ್ಪ" ಎಂದು ಹಿರಿಯರು ಎದ್ದು ಹೊರಡುವುದುಂಟು. ವಾರ್ಫರಿನ್, ಎಪಿಕ್ಸಬಾನ್, ರಿವರೊಕ್ಸಬಾನ್, ಕ್ಲೋಪಿಡೊಗ್ರೆಲ್ ಮುಂತಾದ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುತ್ತಿರುವವರ ತಲೆಗೆ ಪೆಟ್ಟಾಗಿದ್ದರೆ ಈ ಮಾತು ಕೇಳಬೇಡಿ. ಹೊರಗೆ ಗಾಯ ಕಾಣದಿದ್ದರೂ ಅದೇ ದಿನ ತುರ್ತು ವಿಭಾಗದಲ್ಲಿ ತೋರಿಸಿ, ಔಷಧಿಯ ಹೆಸರು ಹೇಳಿ. ತಲೆಯೊಳಗಿನ ರಕ್ತಸ್ರಾವ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಕಾಣಿಸಿಕೊಳ್ಳಬಹುದು. ಹೆಚ್ಚುತ್ತಿರುವ ತಲೆನೋವು, ವಾಂತಿ, ವಿಪರೀತ ನಿದ್ದೆ, ತೊದಲು ಮಾತು, ಕೈಕಾಲಿನ ನಿಶ್ಶಕ್ತಿ ಕಂಡರೆ ತಕ್ಷಣ 112ಕ್ಕೆ ಕರೆ ಮಾಡಿ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಬೆರಳ ಮೇಲೆ ಚಕ್ರ ಹರಿದರೂ ನೋವು ತಿಳಿಯದಿರಬಹುದು. ಚಪ್ಪಲಿ, ಸಾಕ್ಸ್ ಬಿಚ್ಚಿಸಿ ನೀವೇ ನೋಡಿ.

ಮುಂದಿನ ಬಾರಿ ಔಷಧಿ ಕೊಳ್ಳುವಾಗ ಕೌಂಟರ್‌ನಲ್ಲಿ ಒಂದು ಪ್ರಶ್ನೆ ಕೇಳಿ: "ಇದರಿಂದ ತಲೆ ಸುತ್ತು, ಮಂಪರು ಬರುತ್ತದೆಯೇ?" ಹೌದು ಎಂದರೆ ಆ ಮಾತ್ರೆಯ ಹೆಸರಿನ ಪಕ್ಕದಲ್ಲಿ "ಕೈ ಹಿಡಿದು ನಡೆಸಬೇಕು" ಎಂದು ಬರೆದಿಡಿ. ನೀವು ಹೋಗಲಾಗದ ದಿನ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವವರಿಗೂ ಅದು ತಿಳಿಯುತ್ತದೆ.