ಬೀಸುಕಲ್ಲಿನ ಗೆಳೆತನ

ಒಂಟಿತನವೆಂಬುದು ಪಟ್ಟಣವಾಸಿಗಳಿಗೆ ಅಂಟಿದ ಹೊಸ ಜಾಡ್ಯವೆಂದು ಹೇಳುವ ವಾಡಿಕೆಯುಂಟು. ಹಿಂದೆ ಮನೆಯ ತುಂಬ ಜನ, ಬೀದಿಯ ತುಂಬ ನೆಂಟರು. ಒಬ್ಬರಿಗೆ ತಲೆನೋವು ಬಂದರೆ ಹತ್ತು ಮಂದಿ ಕಷಾಯ ಕಾಸುತ್ತಿದ್ದರು. ಈಗಲಾದರೋ ಎದುರು ಮನೆಯವರ ಹೆಸರೂ ನಮಗೆ ತಿಳಿಯದು ಎಂದು ನಿಟ್ಟುಸಿರು ಬಿಡುತ್ತೇವೆ. ಈ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಆದರೆ ತುಂಬಿದ ಮನೆಯಲ್ಲಿಯೇ ಒಂಟಿಯಾಗಿ ಬಾಳಿದವರ ದೊಡ್ಡದೊಂದು ಬಳಗ ನಮ್ಮ ನಾಡಿನಲ್ಲಿದ್ದಿತೆಂಬುದನ್ನು ನಾವು ಮರೆತಿದ್ದೇವೆ. ಆ ಬಳಗ ಬೇರೆ ಯಾರದೂ ಅಲ್ಲ, ನಮ್ಮ ಅಜ್ಜಿ ಮುತ್ತಜ್ಜಿಯರದು.

ಅಂದಿನ ಸೊಸೆಯ ವಯಸ್ಸನ್ನು ಒಮ್ಮೆ ನೆನೆದುಕೊಳ್ಳಬೇಕು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆ ಕೂಡದೆಂದು ಮೈಸೂರು ಸಂಸ್ಥಾನ 1894ರಲ್ಲಿ ಕಾನೂನು ಮಾಡಬೇಕಾಯಿತು. ಬ್ರಿಟಿಷರ ಆಳ್ವಿಕೆಯ ಸೀಮೆಗಳಲ್ಲಿ ಹುಡುಗಿಗೆ 14 ವರ್ಷವಾದರೂ ಆಗಿರಬೇಕೆಂದು ಗೊತ್ತುಮಾಡಿದ ಶಾರದಾ ಕಾಯಿದೆ ಬಂದುದು 1929ರಲ್ಲಿ. ಇಂಥ ಕಟ್ಟಳೆಗಳು ಬೇಕಾದವೆಂಬುದೇ ಎಷ್ಟು ಎಳೆಯ ವಯಸ್ಸಿನಲ್ಲಿ ಹೆಣ್ಣುಮಕ್ಕಳು ತವರಿನ ಹೊಸಿಲು ದಾಟುತ್ತಿದ್ದರೆಂಬುದನ್ನು ಹೇಳುತ್ತದೆ. ಹೊಸ ಊರು, ಹೊಸ ಮನೆ; ಸುತ್ತ ಹತ್ತಾರು ಜನ. ಅವರಲ್ಲಿ ಒಬ್ಬರೊಡನೆಯೂ ಮನಬಿಚ್ಚಿ ಮಾತನಾಡುವಂತಿಲ್ಲ. ಅತ್ತೆಯ ಮುಂದೆ ತಲೆಯೆತ್ತುವಂತಿಲ್ಲ, ಹಗಲಿನಲ್ಲಿ ಗಂಡನೊಡನೆ ಮಾತಿಲ್ಲ. ತಾಯಿಗೆ ಒಂದು ಕಾಗದ ಬರೆಯೋಣವೆಂದರೆ ಅಕ್ಷರ ಬಾರದು. ಹಬ್ಬಕ್ಕೆ ಕರೆಯಲು ಅಣ್ಣ ಬಂದಾನೆಂದು ದಾರಿ ನೋಡುವುದೊಂದೇ ಉಳಿದ ಆಸೆ. ಆ ಹುಡುಗಿ ತನ್ನ ದುಃಖವನ್ನು ಯಾರೊಡನೆ ಹೇಳಿಕೊಂಡಳು?

ಕಲ್ಲಿನೊಡನೆ ಹೇಳಿಕೊಂಡಳು. ಇದು ಅಲಂಕಾರದ ಮಾತಲ್ಲ. ಕೋಳಿ ಕೂಗುವ ಮುನ್ನ ಎದ್ದು, ಹಣತೆಯ ಮಿಣುಕಿನಲ್ಲಿ ಬೀಸುಕಲ್ಲಿನ ಮುಂದೆ ಕಾಲುಚಾಚಿ ಕುಳಿತು, ಅಂದಿನ ರೊಟ್ಟಿಗೋ ಮುದ್ದೆಗೋ ಬೇಕಾದ ಹಿಟ್ಟನ್ನು ಬೀಸಿಕೊಳ್ಳುವುದು ಅವಳ ದಿನದ ಮೊದಲ ಕೆಲಸ. ಬೀಸುತ್ತ ಬೀಸುತ್ತ ಅವಳು ಹಾಡಿದ ಹಾಡುಗಳೇ ಕನ್ನಡದ ಜನಪದ ಸಾಹಿತ್ಯದ ಒಂದು ದೊಡ್ಡ ಕಣಜವಾಗಿ ಇಂದು ನಮ್ಮ ಮುಂದಿವೆ. ಆ ಹಾಡುಗಳ ಸೊಗಸನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಅವು ಮಾಡಿದ ಕೆಲಸವೇನು, ಒಂಟಿ ಜೀವಕ್ಕೆ ಅವು ಜೊತೆಯಾದದ್ದು ಹೇಗೆ ಎಂಬುದು ಇಲ್ಲಿಯ ವಿಚಾರ.

ಧಾನ್ಯ ಅರೆಯುವ ಕಲ್ಲು ನಮ್ಮ ನಾಡಿನಲ್ಲಿ ಬರಹಕ್ಕಿಂತ ಹಳೆಯದು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಬೆಟ್ಟಗಳಲ್ಲಿ ನವಶಿಲಾಯುಗದ ಜನ ಕಾಳು ಅರೆದು ಅರೆದು ಗುಳಿಬಿದ್ದ ಬಂಡೆಗಳನ್ನು ಇಂದಿಗೂ ಕಾಣಬಹುದು. ಅವುಗಳ ಕಾಲ ಇಂದಿಗೆ ನಾಲ್ಕು ಸಾವಿರ ವರ್ಷಗಳ ಹಿಂದಿನದು. ಅಂದಿನದು ಮುಂದಕ್ಕೂ ಹಿಂದಕ್ಕೂ ಉಜ್ಜಿ ಅರೆಯುವ ಕಲ್ಲು. ಒಂದರ ಮೇಲೊಂದು ಕುಳಿತು ತಿರುಗುವ ಜೋಡಿಕಲ್ಲು ಬಹಳ ಕಾಲದ ಮೇಲೆ, ಕ್ರಿಸ್ತಶಕದ ಆರಂಭದ ಆಚೀಚೆ ಬಳಕೆಗೆ ಬಂದಿತು. ಈ ಮಾರ್ಪಾಟು ಸಣ್ಣದಾಗಿ ಕಂಡರೂ ಹಾಡಿನ ದೃಷ್ಟಿಯಿಂದ ದೊಡ್ಡದು. ತಿರುಗುವ ಕಲ್ಲಿಗೆ ಒಂದೇ ಸಮನಾದ ಲಯವಿದೆ, ಬಿಡದೆ ಬರುವ ಒಂದು ಶ್ರುತಿಯಿದೆ. ಅಲ್ಲದೆ, ಅದರ ಗೂಟವನ್ನು ಎದುರುಬದುರಾಗಿ ಕುಳಿತ ಇಬ್ಬರು ಒಟ್ಟಿಗೆ ಹಿಡಿಯಬಹುದು. ಎರಡನೆಯ ಕೈಗೆ ಅದರಲ್ಲಿ ಸದಾ ಜಾಗವಿರುತ್ತದೆ.

ಆ ಎರಡನೆಯ ಕೈ ಇಲ್ಲದಾಗ ಮನಸ್ಸು ಅದನ್ನು ಕಲ್ಪಿಸಿಕೊಂಡಿತು. ಪಂಢರಪುರದ ಜನಾಬಾಯಿಯ ಕಥೆಯನ್ನು ಕೇಳದವರಾರು? ಸಂತ ನಾಮದೇವನ ಮನೆಯ ದಾಸಿ ಅವಳು, ತಂದೆತಾಯಿಯರಿಲ್ಲದವಳು. ಬೆಟ್ಟದಷ್ಟು ಕಾಳನ್ನು ಒಬ್ಬಳೇ ಬೀಸಲಾರದೆ ಸೋತಾಗ ವಿಠಲನೇ ಬಂದು ಎದುರು ಕುಳಿತು ಕಲ್ಲು ತಿರುಗಿಸಿದನೆಂದು ಭಕ್ತರು ನಂಬುತ್ತಾರೆ. ಅವಳು ದೇವರಿಂದ ರಾಜ್ಯವನ್ನು ಬೇಡಲಿಲ್ಲ. ಅವಳಿಗೆ ದೊರೆತದ್ದು ಗೂಟ ಹಿಡಿಯಲು ಇನ್ನೊಂದು ಕೈ, ಹಾಡಿಗೆ ಓಗೊಡಲು ಇನ್ನೊಂದು ದನಿ. ಒಂಟಿಯಾಗಿ ದುಡಿದ ಹೆಂಗಸರು ಈ ಕಥೆಯನ್ನು ಏಳುನೂರು ವರ್ಷ ಕಾಪಾಡಿಕೊಂಡು ಬಂದುದರಲ್ಲಿ ಆಶ್ಚರ್ಯವಿಲ್ಲ.

ಇಂಥ ಹಾಡುಗಳ ಹಳಮೆಗೆ ಬರಹದ ಸಾಕ್ಷಿಯೂ ಉಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಗಳನ್ನು ಹಾಡುತ್ತಾರೆಂದು ಹೇಳಿದೆ. ಕನ್ನಡ ನೆಲದಿಂದ ಆಳಿದ ಅರಸನೊಬ್ಬನ ಕಿವಿಗೆ ಒನಕೆಯ ಹಾಡು ಬಿದ್ದಿದ್ದಿತು! ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ಶರಣರ ನಡುವೆ ಕೊಟ್ಟಣದ ಸೋಮಮ್ಮನಿದ್ದಳು. ಕೊಟ್ಟಣವೆಂದರೆ ಭತ್ತ ಕುಟ್ಟುವ ಕಾಯಕ. ಒನಕೆ ಹಿಡಿದ ಕೈಯವಳೂ ವಚನಕಾರ್ತಿಯಾಗಿ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಹೆಸರು ಉಳಿಸಿಕೊಂಡಳು. ಬೀಸುಕಲ್ಲಿನ ಮುಂದೆ ಹಾಡಿದವರಿಗೆ ಆ ಭಾಗ್ಯವೂ ಬರಲಿಲ್ಲ. ಅವರ ಪದಗಳಿಗೆ ಅಂಕಿತವಿಲ್ಲ, ಕಾಲವಿಲ್ಲ.

ಅವರು ಬಹುಮಟ್ಟಿಗೆ ಹಿಡಿದ ಮಟ್ಟು ತ್ರಿಪದಿ. ಇದು ಅಚ್ಚಕನ್ನಡದ ಛಂದಸ್ಸು. ಸುಮಾರು 700ರಲ್ಲಿ ಕಪ್ಪೆ ಅರಭಟ್ಟನೆಂಬ ವೀರನನ್ನು ಹೊಗಳಿ ಬಾದಾಮಿಯ ಬಂಡೆಯ ಮೇಲೆ ಕೊರೆದ ಶಾಸನದಲ್ಲಿಯೇ ತ್ರಿಪದಿ ಕಾಣುತ್ತದೆ. ಹತ್ತನೆಯ ಶತಮಾನದ ಕೊನೆಗೆ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಅದಕ್ಕೆ ಲಕ್ಷಣ ಹೇಳಿದ. ಅಕ್ಕಮಹಾದೇವಿ ‘ಯೋಗಾಂಗ ತ್ರಿವಿಧಿ’ಯನ್ನು ಅದರಲ್ಲಿಯೇ ಬರೆದಳು, ಸರ್ವಜ್ಞ ಅದನ್ನು ಮನೆಮಾತು ಮಾಡಿದ. ತರಗತಿಯಲ್ಲಿ ನಾವು ಈ ತ್ರಿಪದಿಯನ್ನು ಕರಿಹಲಗೆಯ ಮೇಲೆ ಬರೆದು, ಒಟ್ಟು ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ಎಣಿಸಿ ತೋರಿಸುತ್ತೇವೆ. ಹಾಡಿದವಳಿಗೆ ಈ ಲೆಕ್ಕ ಬೇಕಾಗಿರಲಿಲ್ಲ. ಅವಳ ತೋಳು ಅದನ್ನು ಬಲ್ಲದು. ಬರೆದರೆ ಮೂರು ಸಾಲಿನ ಈ ಪದ್ಯ ಹಾಡುವಾಗ ನಾಲ್ಕಾಗುತ್ತದೆ. ನಡುವಣ ಸಾಲಿನ ಒಂದು ಭಾಗ ಮತ್ತೊಮ್ಮೆ ತಿರುಗಿ ಬರುತ್ತದೆ. ಆ ಮರುಕಳಿಕೆಯಲ್ಲಿ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಕಾಳು ಸುರಿಯಲು ಬಿಡುವು, ಮುಂದಿನ ಮಾತನ್ನು ನೆನೆಯಲು ಬಿಡುವು, ಗಂಟಲು ಕಟ್ಟಿದರೆ ಸುಧಾರಿಸಿಕೊಳ್ಳಲೂ ಬಿಡುವು.

ಹಾಡಿನ ಹುರುಳಾದರೂ ಏನು? ಮೊದಲು ಕಲ್ಲಿಗೆ ನಮಸ್ಕಾರ. ಕಲ್ಲನ್ನು ತಾಯಿಯೆಂದು ಕರೆಯುವುದೂ ಉಂಟು. ಆಮೇಲೆ ದೇವರ ಸ್ಮರಣೆ. ಅಲ್ಲಿಂದ ಮುಂದೆ ತವರಿನ ನೆನಪು, ತಾಯಿಯ ಹಂಬಲ, ಅಣ್ಣನ ಹಿರಿಮೆ, ಅತ್ತೆ ನಾದಿನಿಯರ ಬಿರುಸು, ಗಂಡನ ಒಲವು ಅಥವಾ ಮುನಿಸು, ತೊಟ್ಟಿಲ ಕೂಸಿನ ಚೆಲುವು, ಮಕ್ಕಳಿಲ್ಲದವಳ ಸಂಕಟ. ಹಗಲಿನಲ್ಲಿ ಬಾಯಿಬಿಟ್ಟು ಆಡಲಾಗದ ಮಾತೆಲ್ಲ ಬೀಸುವಾಗ ಆಡಬಹುದು. ಕಲ್ಲಿನ ಗರಗರ ಸದ್ದು ದನಿಯನ್ನು ಅರ್ಧ ಮರೆಸುತ್ತದೆ. ಒಳಗೆ ಮಲಗಿದ ಅತ್ತೆಗೆ ಕೇಳಿಸಿದರೂ ಆಕ್ಷೇಪಿಸುವಂತಿಲ್ಲ: ಸೊಸೆ ಕೆಲಸ ಮಾಡುತ್ತಿದ್ದಾಳೆ, ಹಾಡು ಊರಿನದು. ಬಯ್ದರೆ ಯಾರನ್ನು ಬಯ್ಯುವುದು? ಆ ಅತ್ತೆಯೂ ಒಂದು ಕಾಲದಲ್ಲಿ ಅದೇ ಕಲ್ಲಿನ ಮುಂದೆ ಕುಳಿತು ಅದೇ ಪದವನ್ನು ಹಾಡಿದವಳೇ.

ನನಗೆ ತೋರುವಂತೆ ಸಮಾಧಾನದ ಗುಟ್ಟು ಇಲ್ಲಿದೆ. ಹುಡುಗಿ ತನ್ನ ಅಳಲನ್ನು ಹೇಳಿಕೊಳ್ಳುವುದಕ್ಕೆ ಹೊಸ ಮಾತನ್ನು ಹುಡುಕಬೇಕಾಗಿರಲಿಲ್ಲ. ತಾಯಿಯ ಬಾಯಿಂದ, ನೆರೆಮನೆಯವಳ ಬಾಯಿಂದ ಕೇಳಿ ಕಲಿತ ಪದಗಳು ಸಿದ್ಧವಾಗಿದ್ದವು. ಅವುಗಳಲ್ಲಿ ಒಂದೆರಡು ಮಾತು ಬದಲಿಸಿ ತನ್ನ ಅಣ್ಣನ ಹೆಸರನ್ನೋ ತವರೂರಿನ ಹೆಸರನ್ನೋ ಸೇರಿಸಿದರೆ ಸಾಕು. ಹಾಗೆ ಸೇರಿಸುವಾಗ ಅವಳಿಗೆ ಒಂದು ತಿಳಿವಳಿಕೆ ಬರುತ್ತಿತ್ತು. ಈ ನೋವು ನನ್ನೊಬ್ಬಳದಲ್ಲ. ನನಗಿಂತ ಮೊದಲು ಇದನ್ನು ಉಂಡವರಿದ್ದಾರೆ, ಉಂಡು ಬದುಕಿದ್ದಾರೆ, ಬದುಕಿ ಹಾಡಿದ್ದಾರೆ ಎಂಬ ತಿಳಿವಳಿಕೆ. ಕತ್ತಲಲ್ಲಿ ಒಬ್ಬಳೇ ಕುಳಿತಿದ್ದರೂ ಕಾಣದ ನೂರು ಹೆಂಗಸರ ನಡುವೆ ಅವಳು ಕುಳಿತಿದ್ದಳು. ಅವಳ ಕಷ್ಟ ಅದರಿಂದ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಕಷ್ಟಕ್ಕೆ ಜೊತೆ ಸಿಕ್ಕಿತು.

ಈ ಹಾಡುಗಳು ಅಚ್ಚಿಗೆ ಬಂದುದೂ ಗೆಳೆತನದಿಂದಲೇ. ವಿಜಯಪುರ ಜಿಲ್ಲೆಯ ಹಲಸಂಗಿಯೆಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ, ಹಳ್ಳಿಯ ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಹಳೆಯ ಮೈಸೂರಿನ ಕಡೆ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹಾಡುಗಳನ್ನು ಕೂಡಿಸಿದರು. ಹಾಡು ಕೂಡಿಸುವವರಿಗೆ ಎದುರಾಗುವ ತೊಡಕೊಂದಿದೆ. ಪುಸ್ತಕ ಹಿಡಿದು ಕುಳಿತು “ಹಾಡವ್ವ” ಎಂದರೆ ಪದ ನೆನಪಾಗದು. ಗೂಟಕ್ಕೆ ಕೈಯಿಟ್ಟರೆ ಒಂದರ ಹಿಂದೊಂದು ತಾನಾಗಿ ಬರುತ್ತವೆ. ಕೇಳುವವರಿಗಾಗಿ ಹುಟ್ಟಿದ ಹಾಡಲ್ಲವದು. ನೆರೆಯ ಮಹಾರಾಷ್ಟ್ರದಲ್ಲಿ ಗೀ ಪ್ವಾತ್ವ್ಯಾಂ ಮತ್ತು ಹೇಮಾ ರಾಯಿರ್ಕರ್ ಅವರೂ ಅವರ ಸಂಗಡಿಗರೂ ಕಳೆದ ಶತಮಾನದ ಕೊನೆಯಲ್ಲಿ ಹಳ್ಳಿಹಳ್ಳಿ ತಿರುಗಿ ಇಂಥ ಹಾಡುಗಳನ್ನು ಒಂದು ಲಕ್ಷಕ್ಕೂ ಮೇಲ್ಪಟ್ಟು ಸಂಗ್ರಹಿಸಿದರು. ಒಂದು ಲಕ್ಷ ಹಾಡು! ಯಾರೂ ಕೇಳದ ಹೊತ್ತಿನಲ್ಲಿ, ಯಾರ ಮೆಚ್ಚುಗೆಯನ್ನೂ ಬಯಸದೆ ಹಾಡಿದ್ದು.

ಇಷ್ಟು ಹೇಳಿ, ಆ ಕಾಲವೇ ಚೆನ್ನಾಗಿದ್ದಿತೆಂದು ಮುಗಿಸುವುದು ಸುಲಭ. ಆದರೆ ಅದು ಅನ್ಯಾಯದ ಮಾತಾದೀತು. ದಿನದಿನವೂ ನಸುಕಿನಲ್ಲಿ ತುಂಬು ಸಂಸಾರಕ್ಕೆ ಸಾಕಾಗುವಷ್ಟು ಜೋಳ ರಾಗಿ ಬೀಸುವುದೆಂದರೆ ಅಂಗೈ ಬೊಬ್ಬೆ, ಭುಜದ ನೋವು. ಬಸುರಿಗೂ ಬಾಣಂತಿತನ ಮುಗಿದವಳಿಗೂ ಬಿಡುವಿಲ್ಲದ ದುಡಿಮೆ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹೆಂಗಸರು ಬೀಸುಕಲ್ಲನ್ನು ಹಿತ್ತಲಿಗೆ ಸರಿಸಿ ಅತ್ತ ತಿರುಗಿಯೂ ನೋಡದಿದ್ದರೆ ಅವರನ್ನು ತಪ್ಪೆನ್ನುವ ಹಕ್ಕು, ಒಂದು ಸೇರು ರಾಗಿಯನ್ನೂ ಬೀಸದ ನಮಗೆ ಎಲ್ಲಿಯದು? ಹಾಡು ಕಷ್ಟದ ಗೆಳತಿಯಾಗಿದ್ದಿತು. ಹಾಡು ಉಳಿಯಲೆಂದು ಕಷ್ಟ ಉಳಿಯಬೇಕೆನ್ನುವುದು ರಸಿಕತೆಯಲ್ಲ, ಕ್ರೌರ್ಯ.

ಕೈ ಬಿಡುಗಡೆಯಾಯಿತು; ಮನಸ್ಸಿನ ಒಂಟಿತನ ಮಾತ್ರ ಅಲ್ಲಿಯೇ ಉಳಿಯಿತು. ಅದಕ್ಕೆ ಹೊಸ ಜೊತೆಯನ್ನು ಹುಡುಕಿಕೊಟ್ಟವರಲ್ಲಿ ಇಬ್ಬರು ಮಹನೀಯೆಯರನ್ನು ಇಲ್ಲಿ ನೆನೆಯಬೇಕು. ಇಬ್ಬರೂ ಎಳೆತನದಲ್ಲಿಯೇ ವಿಧವೆಯರಾದವರು. ಒಂಟಿತನವೆಂದರೇನೆಂದು ಪುಸ್ತಕ ಓದಿ ತಿಳಿಯಬೇಕಾದವರಲ್ಲ. ನಂಜನಗೂಡು ತಿರುಮಲಾಂಬ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿ ಹೆಂಗಸರ ಕೈಗೆ ಕಾದಂಬರಿಗಳನ್ನಿತ್ತರು. ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಮಾಸಪತ್ರಿಕೆಯನ್ನು ಆರಂಭಿಸಿ ನಾಲ್ಕು ದಶಕಗಳಿಗೂ ಮೀರಿ ನಡೆಸಿದರು. ಹೆಂಗಸರು ತಾವೇ ಬರೆದು ತಾವೇ ಓದುವ ಪುಟಗಳು ಹುಟ್ಟಿದವು. ಬೀಸುವ ಪದದಲ್ಲಿ ಬಾಯಿಂದ ಬಾಯಿಗೆ ಹೋಗುತ್ತಿದ್ದ ಮಾತು ಈಗ ಅಂಚೆಯಲ್ಲಿ ಮನೆಯಿಂದ ಮನೆಗೆ ಹೋಯಿತು. ನನ್ನಂತೆಯೇ ಇನ್ನೊಬ್ಬಳು ಇದ್ದಾಳೆಂಬ ಅದೇ ಹಳೆಯ ಸಮಾಧಾನವನ್ನು ಅದು ಹೊಸ ಬಟ್ಟೆಯಲ್ಲಿ ತಂದುಕೊಟ್ಟಿತು. ತಮ್ಮ ಏಕಾಂತದ ದುಃಖವನ್ನು ಇತರರಿಗೆ ಜೊತೆಯಾಗುವ ಕೆಲಸವಾಗಿ ಮಾರ್ಪಡಿಸಿಕೊಂಡ ಈ ಇಬ್ಬರನ್ನು ನಾನು ಕಲ್ಲಿನ ಮುಂದೆ ಹಾಡಿದವರ ನೇರ ವಾರಸುದಾರರೆಂದೇ ಭಾವಿಸುತ್ತೇನೆ.

ಬೀಸುಕಲ್ಲುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಕುಳಿತಿವೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ 1994ರಲ್ಲಿ ತೆರೆದ ಜಾನಪದ ಲೋಕಕ್ಕೆ ಹೋದ ಮಕ್ಕಳು ಹಳೆಯ ಮನೆಬಳಕೆಯ ಸಾಮಾನುಗಳನ್ನು ಬೆರಗಿನಿಂದ ನೋಡುತ್ತಾರೆ. ನಮ್ಮ ಅಡುಗೆಮನೆಯ ಮಿಕ್ಸಿ ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಅದರ ಅಬ್ಬರದಲ್ಲಿ ಹಾಡುವುದಿರಲಿ, ಕೂಗಿದರೂ ಕೇಳಿಸದು. ಇದನ್ನು ದೂರುವುದು ಬೇಡ. ಆದರೆ ಒಂಟಿಯೆನ್ನಿಸಿದ ಹೊತ್ತಿನಲ್ಲಿ, ನಮ್ಮನ್ನು ಸಂತೈಸಲು ಯಾರಾದರೂ ಬರಲಿ ಎಂದು ಬಾಗಿಲು ನೋಡುತ್ತ ಕೂಡುವ ನಮಗೆ ಆ ಅನಾಮಿಕ ಹೆಂಗಸರ ಚರಿತ್ರೆಯಲ್ಲಿ ಕಲಿಯುವುದಿದೆ. ಅವರು ಕಾಯುತ್ತ ಕೂಡಲಿಲ್ಲ. ಕೈಗೆ ಒಂದು ಕೆಲಸವನ್ನೂ ನಾಲಗೆಗೆ ಹಿರಿಯರಿಂದ ಬಂದ ಒಂದು ಪದವನ್ನೂ ಕೊಟ್ಟು, ಆ ಪದಕ್ಕೆ ತಮ್ಮದೊಂದು ಮಾತು ಸೇರಿಸಿ ಮುಂದಿನವಳಿಗೆ ಬಿಟ್ಟುಹೋದರು. ಹೀಗೆ ಪಡೆದುದಕ್ಕಿಂತ ಒಂದು ಪದ ಹೆಚ್ಚಾಗಿ ಬಿಟ್ಟುಹೋದವರ ಸಾಲು ಕನ್ನಡನಾಡಿನಲ್ಲಿ ಎಷ್ಟು ಉದ್ದವಾಗಿದ್ದಿತೆಂಬುದನ್ನು ತಿಳಿಯಲು ‘ಗರತಿಯ ಹಾಡಿ’ನ ಯಾವ ಪುಟವನ್ನಾದರೂ ತೆರೆದು ನೋಡಬಹುದು.