ಈಸೂರಿನ ಐದು ನೇಣು

ಈಸೂರಿನ ಹೆಸರನ್ನು ಕೇಳದ ವಿದ್ಯಾರ್ಥಿ ಶಿವಮೊಗ್ಗೆ, ಭದ್ರಾವತಿಗಳ ಕಾಲೇಜುಗಳಲ್ಲಿ ಅಪರೂಪ. ಆದರೆ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯ ಐವರನ್ನು ಗಲ್ಲಿಗೇರಿಸಿದವರು ಯಾರೆಂದು ಕೇಳಿ ನೋಡಿ. 'ಇಂಗ್ಲಿಷರು' ಎಂಬ ಉತ್ತರ ಥಟ್ಟನೆ ಬರುತ್ತದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಿಡಿದ ಪೋಲೀಸರು ಮೈಸೂರಿನವರು, ವಿಚಾರಿಸಿದ ನ್ಯಾಯಾಲಯ ಮೈಸೂರಿನದು, ಪ್ರಾಣ ಉಳಿಸುವ ಕೊನೆಯ ಅಧಿಕಾರ ಮೈಸೂರು ಮಹಾರಾಜರದು.

1942ರ ಆಗಸ್ಟಿನಲ್ಲಿ ಗಾಂಧೀಜಿಯವರ ಬಂಧನವಾದ ಮೇಲೆ ಸಂಸ್ಥಾನವೆಲ್ಲ ಕುದಿಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಈಸೂರಿನವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಶಾನುಭೋಗರ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡು, ವೀರಭದ್ರ ದೇವಾಲಯದ ಮೇಲೆ ಬಾವುಟ ಹಾರಿಸಿ, ತಮ್ಮದೇ ಸರಕಾರ ಸಾರಿದರು. ಅದಕ್ಕೆ ಜಯಣ್ಣನೆಂಬ ಹುಡುಗ ಅಮಲ್ದಾರ, ಮಲ್ಲಪ್ಪಯ್ಯನೆಂಬ ಇನ್ನೊಬ್ಬ ಹುಡುಗ ಸಬ್ ಇನ್ಸ್‌ಪೆಕ್ಟರ್! ಇದು ಬರಿಯ ಹುಡುಗಾಟವೆಂದು ನಕ್ಕುಬಿಡುವ ಹಾಗಿಲ್ಲ. ಮೈನರುಗಳನ್ನು ಸರಕಾರ ಜೈಲಿಗೆ ಹಾಕಲಾರದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಕಾನೂನನ್ನು ಧಿಕ್ಕರಿಸಿದ ಊರೇ ಕಾನೂನಿನ ಆಸರೆಯನ್ನೂ ನಂಬಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪೋಲೀಸರೊಡನೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿರೆಂದು ಜನ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಲಾಠಿ ಬೀಸಿತು, ಗುಂಡು ಹಾರಿತು. ರೊಚ್ಚಿಗೆದ್ದ ಗುಂಪಿನ ಕೈಯಲ್ಲಿ ಅಧಿಕಾರಿಗಳಿಬ್ಬರೂ ಸತ್ತರು. ಅವರೂ ಕನ್ನಡಿಗರೇ, ಸಂಬಳಕ್ಕೆ ದುಡಿಯುತ್ತಿದ್ದವರು. ನಮ್ಮ ಭಾಷಣಗಳಲ್ಲಿ ಇವರಿಗೆ ಒಂದು ವಾಕ್ಯವೂ ದೊರೆಯದಿರುವುದು ನನಗೆ ಸರಿದೋರದು. ಅನಂತರ ಪಡೆ ಬಂತು. ಗಂಡಸರು ಕಾಡು ಸೇರಿದರು, ಮನೆಗಳು ಲೂಟಿಯಾದವು, ಬೆಂಕಿಗೆ ಆಹುತಿಯಾದವು.

ಗುಂಪು ಮಾಡಿದ ಕೊಲೆಯಲ್ಲಿ ಯಾರ ಏಟು ಜೀವ ತೆಗೆಯಿತೆಂದು ಹೇಳುವುದು ಕಷ್ಟ. ಮೆಕಾಲೆಯ ಕಾಲದಿಂದ ಬಂದ ದಂಡ ಸಂಹಿತೆಗೆ ಆ ಕಷ್ಟವಿರಲಿಲ್ಲ. ಅಕ್ರಮ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬ ಮಾಡಿದ ಅಪರಾಧಕ್ಕೆ ಕೂಟದಲ್ಲಿದ್ದ ಎಲ್ಲರೂ ಹೊಣೆಯೆಂದು ಅದರ 149ನೆಯ ಕಲಮು ಹೇಳುತ್ತಿತ್ತು. (2024ರ ಜುಲೈನಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲೂ ಆ ಕಲಮು ಇದೆ, ಸಂಖ್ಯೆ ಮಾತ್ರ 190.) ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ: ಈ ಐವರನ್ನು 1943ರ ಮಾರ್ಚ್ 8ರಿಂದ 10ರವರೆಗಿನ ಮೂರು ದಿನಗಳಲ್ಲಿ ನೇಣಿಗೆ ಹಾಕಿದರು. ಘಟನೆ ನಡೆದು ಆರು ತಿಂಗಳೂ ತುಂಬಿರಲಿಲ್ಲ.

ಯುದ್ಧಕಾಲದಲ್ಲಿ ಬೇರೆ ಏನಾದೀತೆಂದು ಕೆಲವರು ಕೇಳಬಹುದು. ಅದೇ ಯುದ್ಧಕಾಲದಲ್ಲಿ, 1941ರ ನವೆಂಬರಿನಲ್ಲಿ, ಲಂಡನ್ನಿನ ಲಾರ್ಡ್ಸ್ ಸಭೆಯ ಮುಂದೆ ಲಿವರ್ಸಿಡ್ಜ್ ಎಂಬಾತನ ಮೊಕದ್ದಮೆ ಬಂದಿತ್ತು. ವಿಚಾರಣೆಯಿಲ್ಲದೆ ಅವನನ್ನು ಬಂಧಿಸಿದ ಗೃಹಮಂತ್ರಿ ಸರ್ ಜಾನ್ ಆಂಡರ್ಸನ್, ಹಿಂದೆ ಬಂಗಾಳದ ಗವರ್ನರಾಗಿದ್ದವರು. ಆ ಕೆಲಸ ಅವರಿಗೆ ಹೊಸದಲ್ಲ. ಮಂತ್ರಿಗೆ ಸಕಾರಣವೆಂದು ತೋರಿದರೆ ಸಾಕೆಂದು ಬಹುಮತದ ತೀರ್ಪಾಯಿತು. ಲಾರ್ಡ್ ಆಟ್ಕಿನ್ ಒಬ್ಬರೇ ಒಪ್ಪಲಿಲ್ಲ. ಆಯುಧಗಳ ಸದ್ದಿನ ನಡುವೆಯೂ ಕಾನೂನು ಮೂಕವಾಗಬಾರದೆಂಬುದು ಅವರ ನಿಲುವು. 1943ರ ಏಪ್ರಿಲಿನಲ್ಲಿ, ಈಸೂರಿನವರು ಸತ್ತು ತಿಂಗಳೊಂದು ಕಳೆದ ಮೇಲೆ, ದೆಹಲಿಯ ಫೆಡರಲ್ ಕೋರ್ಟು ಕೇಶವ ತಲ್ಪಡೆಯವರ ಮೊಕದ್ದಮೆಯಲ್ಲಿ ಭಾರತ ರಕ್ಷಣಾ ನಿಯಮಗಳ ಬಂಧನದ ನಿಯಮವನ್ನೇ ಅಸಿಂಧುಗೊಳಿಸಿತು. ಸರಕಾರ ಒಡನೆಯೇ ಆರ್ಡಿನೆನ್ಸ್ ತಂದು ಆ ಬಾಗಿಲು ಮುಚ್ಚಿತು, ಆ ಮಾತು ಬೇರೆ. ಬ್ರಿಟಿಷ್ ಇಂಡಿಯಾದ ಪ್ರಜೆಗೆ ತಟ್ಟಲು ಒಂದು ಬಾಗಿಲಾದರೂ ಇತ್ತು. ಮೈಸೂರಿನ ಪ್ರಜೆಗೆ ಅದೂ ಇಲ್ಲ. ಸಂಸ್ಥಾನದ ಹೈಕೋರ್ಟು ದಾಟಿದರೆ ಅರಮನೆಯೇ ಕೊನೆ. ರೆಸಿಡೆಂಟರ ನೆರಳಿನಲ್ಲಿದ್ದ ಆ ಅರಮನೆ ಎಷ್ಟರಮಟ್ಟಿಗೆ ಸ್ವತಂತ್ರವಾಗಿತ್ತೆಂಬುದನ್ನು ವಾಚಕರೇ ಊಹಿಸಬಹುದು. 'ಮಾದರಿ ಸಂಸ್ಥಾನ'ವೆಂಬ ಬಿರುದು ನೀರಾವರಿಗೆ, ವಿದ್ಯುತ್ತಿಗೆ, ನಮ್ಮ ಕಬ್ಬಿಣದ ಕಾರ್ಖಾನೆಗೆ ಒಪ್ಪುತ್ತದೆ. ಪ್ರಜೆಯ ಕೊರಳಿಗೆ ಅದರಿಂದ ಏನೂ ರಕ್ಷಣೆ ದೊರೆಯಲಿಲ್ಲ.

ಅವರನ್ನು ಗಲ್ಲಿಗೇರಿಸಿದ ಬೆಂಗಳೂರಿನ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್ ಎಂಬ ಉದ್ಯಾನ. ರಾಜಧಾನಿಯಲ್ಲಿ ಪ್ರತಿಭಟಿಸಬಯಸುವವರು ಅಲ್ಲಿಯೇ ಸೇರಬೇಕೆಂದು 2021ರಲ್ಲಿ ಆಜ್ಞೆಯಾಯಿತು.