ಹೊಳೆದಂಡೆಯ ಬಿಡಾರ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಕಡಲು ಬಹುದೂರ. ಆದರೆ ಗಾಳ ಹಿಡಿದು ನೀರಿನಂಚಿನಲ್ಲಿ ಕುಳಿತುಕೊಳ್ಳುವ, ಡೇರೆ ಹಾಕಿ ಬಯಲಿನಲ್ಲಿ ಒಂದು ರಾತ್ರಿ ಕಳೆಯುವ ಆಸೆ ಕಡಲತೀರದವರಿಗೆ ಮಾತ್ರ ಮೀಸಲಾದುದಲ್ಲ. ಉತ್ತರದಲ್ಲಿ ಇಂಡಿ, ಸಿಂದಗಿ ಸೀಮೆಗಳ ಅಂಚಿಗೆ ಭೀಮೆ. ದಕ್ಷಿಣದಲ್ಲಿ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳ ಅಂಚಿಗೆ ಕೃಷ್ಣೆ. ನಡುವಣ ಎರೆಭೂಮಿಯಲ್ಲಿ ಡೋಣಿ. ರಜೆ ಬಂದಿತೆಂದರೆ ನಮ್ಮ ಎಷ್ಟೋ ಮನೆಗಳ ಯುವಕರು ಇವುಗಳ ದಂಡೆಗೆ, ಅದರಲ್ಲಿಯೂ ಆಲಮಟ್ಟಿಯ ಹಿನ್ನೀರಿನ ಕಡೆಗೆ, ಹೊರಡುವ ಯೋಜನೆ ಹಾಕುತ್ತಾರೆ. ಯಾವ ಬುತ್ತಿ, ಯಾವ ಗಾಳ, ಎಷ್ಟು ಹಾಸಿಗೆ ಎಂಬ ಲೆಕ್ಕವೆಲ್ಲ ನಡೆಯುತ್ತದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ನೀರು ಎಲ್ಲಿಂದ ಬರುತ್ತದೆ? ಈ ನದಿಗಳ ದಂಡೆಯಲ್ಲಿ ಹಿಂದೆ ಬಿಡಾರ ಹೂಡಿದವರ ಕಥೆಯನ್ನು ಒಂದಿಷ್ಟು ಅವಲೋಕಿಸಿದರೆ ಆ ಪ್ರಶ್ನೆಯ ಮಹತ್ವ ತಾನಾಗಿಯೇ ತಿಳಿಯುತ್ತದೆ.

ಕಡವು ಕಾದವರು, ಕಡವು ಬಿಟ್ಟವರು

ಹೊಳೆದಂಡೆಯ ಬಿಡಾರಗಳಲ್ಲಿ ನಮ್ಮ ನಾಡಿನ ಹಣೆಬರಹವನ್ನೇ ಬದಲಿಸಿದ ಬಿಡಾರವೊಂದು ಡೋಣಿಯ ದಂಡೆಯ ತಾಳಿಕೋಟೆಯಲ್ಲಿತ್ತು. 1564ರ ಡಿಸೆಂಬರ್ ಕೊನೆಯಲ್ಲಿ ದಖ್ಖನದ ಸುಲ್ತಾನರ ಸೈನ್ಯಗಳು ಅಲ್ಲಿ ಕೂಡಿದವು. ಕೃಷ್ಣೆಯ ಆಚೆ ದಡದಲ್ಲಿ ವಿಜಯನಗರದ ಸೇನೆ ನಡೆದು ಹಾಯಬಹುದಾದ ಕಡವನ್ನು ಕಾಯುತ್ತಿತ್ತು. ಸುಲ್ತಾನರ ಸೈನ್ಯ ಬೇರೊಂದು ಕಡವನ್ನು ಹುಡುಕುವಂತೆ ತೋರಿಸಿಕೊಂಡು ನದಿಯ ಗುಂಟ ಸಾಗಿತು. ವಿಜಯನಗರದವರೂ ಆಚೆ ದಡದಲ್ಲಿ ಅದರ ಜೊತೆಜೊತೆಗೆ ಸಾಗಿದರು. ಒಮ್ಮೆಲೇ ಹಿಂದಿರುಗಿದ ಸುಲ್ತಾನರ ಪಡೆ ಕಾವಲಿಲ್ಲದ ಮೊದಲಿನ ಕಡವಿನಲ್ಲಿಯೇ ನದಿಯನ್ನು ದಾಟಿತು. 1565ರ ಜನವರಿ 23ರಂದು ನಡೆಯಿತೆಂದು ಇತಿಹಾಸಕಾರರು ಗುರುತಿಸುವ ಆ ಯುದ್ಧವನ್ನು ತಾಳಿಕೋಟೆಯ ಹೆಸರಿನಿಂದಲೂ ರಕ್ಕಸಗಿ-ತಂಗಡಗಿ ಎಂಬ ಹೆಸರಿನಿಂದಲೂ ಕರೆಯುತ್ತಾರೆ. ತಂಗಡಗಿ ಮುದ್ದೇಬಿಹಾಳ ತಾಲೂಕಿನ ಕೃಷ್ಣಾತೀರದ ಊರು. ಚಳಿಗಾಲದಲ್ಲಿ ಕಾಲ್ನಡಿಗೆಯಿಂದ ದಾಟಬಹುದಾದ ಇದೇ ಕೃಷ್ಣೆ ಮಳೆಗಾಲದಲ್ಲಿ ಸೈನ್ಯವನ್ನೇ ತಡೆದು ನಿಲ್ಲಿಸಬಲ್ಲಳು. ನದಿ ಯಾವ ತಿಂಗಳಲ್ಲಿ ಹೇಗಿರುತ್ತದೆ ಎಂಬುದನ್ನು ಅರಸರೂ ಅರಿಯಬೇಕಾಗಿತ್ತು.

ಮಣ್ಣಿನ ಗೋಡೆಯ ಗುಡಿ

1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬನು ಅನಂತರದ ವರ್ಷಗಳನ್ನು ಬಹುಮಟ್ಟಿಗೆ ಕೃಷ್ಣೆ ಮತ್ತು ಭೀಮೆಯರ ಸೀಮೆಯಲ್ಲಿ ಡೇರೆಯಲ್ಲಿಯೇ ಕಳೆದನು. ಅವನ ಶಿಬಿರ ಕೃಷ್ಣೆಯ ದಡದ ಗಲಗಲಿಯಲ್ಲಿದ್ದಾಗ, 1695ರ ಮಾರ್ಚ್ ತಿಂಗಳಲ್ಲಿ, ನೇಪಲ್ಸ್ ನಗರದ ಜೆಮೆಲ್ಲಿ ಕರೇರಿ ಎಂಬ ಪ್ರವಾಸಿ ಗೋವೆಯಿಂದ ಹೊರಟು ಅಲ್ಲಿಗೆ ಬಂದು ಬಾದಶಹನನ್ನು ಕಂಡನು. ಗಲಗಲಿ ಇಂದಿನ ಬೀಳಗಿ ತಾಲೂಕಿನಲ್ಲಿ, ಆಲಮಟ್ಟಿಯಿಂದ ಮೇಲ್ಭಾಗದಲ್ಲಿದೆ. ಪೇಟೆಗಳಿಂದ ತುಂಬಿ ಮೈಲುಗಟ್ಟಲೆ ಹಬ್ಬಿದ್ದ ಆ ಡೇರೆಗಳ ನಗರವನ್ನು ಅವನು ಬಣ್ಣಿಸಿದ್ದಾನೆ. ನಮ್ಮ ಪತ್ರಿಕೆಯ ಓದುಗರು ಗಮನಿಸಬೇಕಾದ ಸಂಗತಿಯೊಂದು ಅಲ್ಲಿದೆ. ಮೊಗಲರ ಫಿರಂಗಿಪಡೆಯಲ್ಲಿ ಕ್ರೈಸ್ತ ಗೋಲಂದಾಜರಿದ್ದರು. ಶಿಬಿರದ ಅವರ ಪಾಳೆಯದಲ್ಲಿ ಮಣ್ಣಿನ ಗೋಡೆಯ ಪುಟ್ಟ ಗುಡಿಯಿತ್ತು. ಗೋವೆಯ ಕಡೆಯ ಇಬ್ಬರು ದೇಶೀಯ ಗುರುಗಳು ಅಲ್ಲಿ ಪೂಜೆ ನಡೆಸುತ್ತಿದ್ದರು. ಡೇರೆಗಳು ಕಿತ್ತುಹೋದವು, ಮಣ್ಣಿನ ಗೋಡೆ ಮಣ್ಣಿಗೆ ಸೇರಿತು. ಆದರೆ ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ಈ ಹೊಳೆಯ ದಂಡೆಯಲ್ಲಿ ಬಲಿಪೂಜೆಯ ಗಂಟೆಯ ದನಿ ಕೇಳಿದ್ದೀತು ಎಂಬುದು ನೆನೆಯತಕ್ಕ ವಿಷಯ.

ಒಣ ಹೊಳೆ ನಂಬಿ ಕೆಟ್ಟ ರಾತ್ರಿ

ಇದೇ ಬಾದಶಹನ ಮತ್ತೊಂದು ಬಿಡಾರದ ಕಥೆಯನ್ನು ಪ್ರವಾಸ ಹೊರಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಇಂಡಿಯಿಂದ ಮೇಲೆ, ಇಂದಿನ ಸೊಲ್ಲಾಪುರ ಜಿಲ್ಲೆಯಲ್ಲಿ, ಮಾಣ ಎಂಬ ಉಪನದಿ ಭೀಮೆಯನ್ನು ಸೇರುತ್ತದೆ. 1700ರ ಆಗಸ್ಟ್ ಕೊನೆಗೆ ಔರಂಗಜೇಬನ ಸೈನ್ಯ ಆ ನದಿಯ ದಡದ ಖವಾಸಪುರದಲ್ಲಿ ತಂಗಿತು. ಹೊಳೆಯಲ್ಲಿ ನೀರಿರಲಿಲ್ಲ. ಮರಳು ಸಮತಟ್ಟಾಗಿತ್ತು. ಎರಡೂ ದಡಗಳಲ್ಲಿ ಮಾತ್ರವಲ್ಲದೆ, ಒಣಗಿದ ಹೊಳೆಯ ಒಡಲಿನಲ್ಲಿಯೂ ಡೇರೆಗಳು ಎದ್ದವು. ಅಕ್ಟೋಬರ್ 1ರ ರಾತ್ರಿ ದೂರದ ಗುಡ್ಡಗಳಲ್ಲಿ ಸುರಿದ ಮಳೆಯ ನೀರು ಮಲಗಿದ್ದವರ ಮೇಲೆ ನುಗ್ಗಿತು. ಜನ, ದನ, ಡೇರೆ ಎಲ್ಲವೂ ಕೊಚ್ಚಿಹೋದವು. ಗದ್ದಲ ಕೇಳಿ ಗಡಬಡಿಸಿ ಎದ್ದ ಎಂಬತ್ತೊಂದರ ವಯಸ್ಸಿನ ಬಾದಶಹನು ಎಡವಿ ಬಿದ್ದು ಬಲ ಮೊಣಕಾಲಿನ ಕೀಲು ತಪ್ಪಿತು. ಮುಂದೆ ಸಾಯುವವರೆಗೂ ಅವನು ಕುಂಟುತ್ತಲೇ ನಡೆದನು.

ಬಾದಶಹನಿಗೆ ಆಳುಕಾಳುಗಳಿಗೇನು ಕೊರತೆ? ಗೂಢಚಾರರಿದ್ದರು, ಪಂಚಾಂಗ ನೋಡುವವರಿದ್ದರು. ಆದರೆ ತಲೆಯ ಮೇಲಿನ ಆಕಾಶ ಶುಭ್ರವಾಗಿದ್ದರೆ ಹೊಳೆಯೂ ಸುಮ್ಮನಿರುವುದೆಂದು ನಂಬಿದ್ದೇ ಆ ರಾತ್ರಿಯ ವಿಪತ್ತಿಗೆ ಕಾರಣ. ಮರಳಿನ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ನಮ್ಮ ಬಯಲುಸೀಮೆಯ ಹಳ್ಳಕೊಳ್ಳಗಳನ್ನು ಬಲ್ಲವರಿಗೆ ಅದು ಬರಿಯ ಸಾಮತಿಯಲ್ಲ, ಕಣ್ಣಾರೆ ಕಂಡ ಸಂಗತಿ.

ಇಂದಿನ ಮೇಲಣ ಮಳೆ

ಆ ಕಾಲ ಹೋಯಿತು, ಈಗ ಅಣೆಕಟ್ಟುಗಳಿವೆ ಎನ್ನಬಹುದು. ಹೌದು, 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಅಂದು ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿ ಇಂದು ನಿಡಗುಂದಿ ತಾಲೂಕಿಗೆ ಸೇರಿದೆ. 519.60 ಮೀಟರ್ ಮಟ್ಟದವರೆಗೆ ತುಂಬಿದರೆ ಸುಮಾರು 123 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಡಿ ಹಲವಾರು ಊರುಗಳೂ ಹಳೆಯ ಬಾಗಲಕೋಟೆಯ ಬಹುಭಾಗವೂ ಮುಳುಗಿದವು. ನೀವು ಗಾಳ ಬೀಸುವ ಹಿನ್ನೀರಿನ ಕೆಳಗೆ ಯಾರದೋ ಅಂಗಳವಿದೆ, ಬಾವಿಯಿದೆ, ಜಾಲಿಯ ಬೊಡ್ಡೆಯಿದೆ. ಮೇಲೆ ಕನ್ನಡಿಯಂತೆ ಕಾಣುವ ನೀರಿನಲ್ಲಿ ಕಾಲಿಟ್ಟವರು ಒಮ್ಮೆಲೇ ಆಳಕ್ಕೆ ಇಳಿಯುವುದು ಈ ಕಾರಣಕ್ಕೆ. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನೂ ಮರೆಯಬಾರದು.

ಅಣೆಕಟ್ಟು ನೀರನ್ನು ಹಿಡಿಯುತ್ತದೆ, ಬಿಡುವುದನ್ನೂ ಬಿಡುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಸಹ್ಯಾದ್ರಿಯಲ್ಲಿ ಮಳೆ ಸುರಿದು ಕೊಯ್ನಾ ಮುಂತಾದ ಕಡೆಗಳಿಂದ ನೀರು ಹರಿದು ಬಂದಾಗ, ಆಲಮಟ್ಟಿಯ 26 ಬಾಗಿಲುಗಳಿಂದ 5 ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರನ್ನು ಕೆಳಕ್ಕೆ ಬಿಡಬೇಕಾಯಿತು. ಎಂದರೆ ಸೆಕೆಂಡಿಗೆ ಸುಮಾರು 1 ಕೋಟಿ 40 ಲಕ್ಷ ಲೀಟರ್! 2020ರ ಅಕ್ಟೋಬರ್‌ನಲ್ಲಿ ಸೊಲ್ಲಾಪುರದ ಕಡೆಯ ಮಳೆಗೂ ಉಜನಿ ಜಲಾಶಯದಿಂದ ಬಿಟ್ಟ ನೀರಿಗೂ ಭೀಮೆ ಉಕ್ಕಿ, ಇಂಡಿ, ಸಿಂದಗಿ ಭಾಗದ ಹೊಳೆಸಾಲಿನ ಹಳ್ಳಿಗಳು ನಲುಗಿದವು. ಖವಾಸಪುರದ ಆ ರಾತ್ರಿಗೂ ಇದಕ್ಕೂ ತಿಂಗಳೊಂದೇ, ಪಾಠವೂ ಒಂದೇ. ಮಳೆ ಎಲ್ಲಿಯೋ, ನೆರೆ ಇಲ್ಲಿ.

ಅಂಬಿಗರನ್ನು ಕೇಳಿರಿ

ಹಾಗಾದರೆ ಹೋಗಲೇಬಾರದೇ? ಹೋಗಿರಿ, ಆದರೆ ನೀರು ಬಲ್ಲವರನ್ನು ಕೇಳಿ ಹೋಗಿರಿ. ಬಿದಿರಿನ ಸೀಳುಗಳಿಂದ ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಿಗೋಲನ್ನು ತಲೆತಲಾಂತರದಿಂದ ನಡೆಸಿದ ಅಂಬಿಗರು ನಮ್ಮ ಹೊಳೆಸಾಲಿನಲ್ಲಿದ್ದಾರೆ. ಹುಟ್ಟು ಹಾಕಲು ಬಾರದವನ ಕೈಯಲ್ಲಿ ಹರಿಗೋಲು ಬುಗುರಿಯಂತೆ ನಿಂತಲ್ಲಿಯೇ ಸುತ್ತುತ್ತದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ದೋಣಿ ನಡೆಸುತ್ತಿದ್ದ ಚೌಡಯ್ಯನವರು ಶರಣರ ಸಾಲಿನಲ್ಲಿ ಸಮಾನರಾಗಿ ಕುಳಿತರು. ಕಸುಬಿನ ಹೆಸರಿನೊಡನೆ ತಮ್ಮ ಹೆಸರನ್ನೇ ವಚನಗಳಿಗೆ ಅಂಕಿತವಾಗಿಸಿದರು. ಗಲಿಲೇಯ ಸರೋವರದಲ್ಲಿ ಬಲೆ ಬೀಸುತ್ತಿದ್ದವರನ್ನೇ ಪ್ರಭು ಮೊದಲು ಕರೆದರೆಂಬುದು ನಮಗೆ ತಿಳಿದಿದೆ. ಆದರೂ ದಡದಲ್ಲಿ ಬಲೆ ಒಣಗಿಸುವ ಹಿರಿಯನನ್ನು ಮಾತನಾಡಿಸಲು ನಮಗೆ ಬಿಗುಮಾನ. "ಅಣ್ಣಾ, ಇಲ್ಲಿ ಮಲಗಬಹುದೇ?" ಎಂದು ಕೇಳುವ ಒಂದು ಮಾತು ಎಷ್ಟೋ ಜೀವಗಳನ್ನು ಉಳಿಸಬಲ್ಲುದು.

ಅವರು ಹೇಳಬಹುದಾದುದನ್ನು ಇಲ್ಲಿ ಕ್ರಮವಾಗಿ ಇಡುತ್ತೇನೆ. ಚಳಿಗಾಲದಿಂದ ಬೇಸಿಗೆಯವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳಿರಿ; ಮಳೆಗಾಲದ ಹೊಸನೀರಿಗೆ ಮೀನುಗಳು ಮೊಟ್ಟೆಯಿಡಲು ಏರುವ ಹೊತ್ತಿನಲ್ಲಿ ಗಾಳವನ್ನು ಮನೆಯಲ್ಲಿಡಿರಿ. ಹೊರಡುವ ಮುನ್ನ ಮೇಲಿನ ಜಲಾಶಯಗಳಿಂದ ನೀರು ಬಿಡುವ ಸುದ್ದಿಯನ್ನು ವಿಚಾರಿಸಿರಿ. ಬಿಡಾರವನ್ನು ಮರಳಿನಲ್ಲಾಗಲಿ ನಡುಗಡ್ಡೆಯಲ್ಲಾಗಲಿ ಹಾಕಬೇಡಿರಿ. ಹಿಂದಿನ ನೆರೆ ತಂದ ಕಸಕಡ್ಡಿ ದಡದ ಜಾಲಿಗಿಡದಲ್ಲಿ ಎಷ್ಟು ಎತ್ತರಕ್ಕೆ ಸಿಕ್ಕಿಕೊಂಡಿದೆ ನೋಡಿ, ಅದಕ್ಕಿಂತ ಮೇಲಿನ ಗಟ್ಟಿನೆಲ ಹುಡುಕಿರಿ. ನೀರಿನಂಚಿಗೆ ಒಂದು ಕಡ್ಡಿ ನೆಟ್ಟು ಗುರುತಿಟ್ಟುಕೊಂಡು, ರಾತ್ರಿ ಸರದಿಯಂತೆ ಒಬ್ಬರು ಎಚ್ಚರವಿರಿ. ಎರೆಮಣ್ಣಿನ ದಾರಿ ಒಂದು ಮಳೆಗೆ ವಾಹನವನ್ನು ಹಿಡಿದುಬಿಡುತ್ತದೆ; ಆದ್ದರಿಂದ ಡಾಂಬರು ರಸ್ತೆಗೆ ನಡೆದು ಸೇರುವಷ್ಟು ಹತ್ತಿರದಲ್ಲಿರಿ. ಮಕ್ಕಳನ್ನು ನೀರಿಗಿಳಿಸಬೇಡಿರಿ.

ಇನ್ನೊಂದು ಮಾತು. ಹಿನ್ನೀರಿನ ಕಾಟ್ಲಾ, ರೋಹುಗಳು ಯಾರಿಗೂ ಸೇರದ ಮೀನುಗಳಲ್ಲ. ಮೀನುಗಾರಿಕೆ ಇಲಾಖೆ ಮರಿ ಬಿಡುತ್ತದೆ, ಮೀನು ಹಿಡಿಯುವ ಹಕ್ಕನ್ನು ಪಡೆದವರು ಅದರಿಂದ ಸಂಸಾರ ನಡೆಸುತ್ತಾರೆ. ಅವರನ್ನು ಕೇಳಿಯೇ ಗಾಳ ಹಾಕಿರಿ, ಕಟ್ಟಿದ ಬಲೆಯ ಹತ್ತಿರ ಹೋಗದಿರಿ. ಗಾಳಕ್ಕೆ ಏನೂ ಬೀಳದಿದ್ದರೆ ಅವರಿಂದಲೇ ಕೊಂಡು ಒಲೆ ಹೊತ್ತಿಸಿರಿ. ಊಟದ ರುಚಿ ಏನೂ ಕಡಿಮೆಯಾಗುವುದಿಲ್ಲ.

ಬಾದಶಹನ ಸಾವಿರಾರು ಡೇರೆಗಳಲ್ಲಿ ಒಂದೂ ಉಳಿದಿಲ್ಲ. ಹೊಳೆ ಹರಿಯುತ್ತಲೇ ಇದೆ, ಅದನ್ನು ಓದಬಲ್ಲ ಜನರೂ ಅದರ ದಂಡೆಯಲ್ಲಿಯೇ ಇದ್ದಾರೆ. ನಿಮ್ಮ ಪ್ರವಾಸದ ಪಟ್ಟಿಯಲ್ಲಿ ಬುತ್ತಿ, ಗಾಳ, ಹಾಸಿಗೆಗಳಿಗಿಂತ ಮೊದಲು ಅವರ ಭೇಟಿಯನ್ನು ಬರೆದುಕೊಳ್ಳಿರಿ. ಹೋದವರೆಲ್ಲ ಎಣಿಕೆಗೆ ಸರಿಯಾಗಿ ಮನೆಗೆ ಮರಳುವುದಕ್ಕಿಂತ ದೊಡ್ಡ ಬೇಟೆ ಬೇರೊಂದಿಲ್ಲ.